ಕೂತೇ ಮೇಲೇರಿದವನು

ಆ ಹಳೆಯ ಕಚೇರಿ ಕಟ್ಟಡದಲ್ಲಿ ಗಂಡ ಲಿಫ್ಟ್ ನಡೆಸುತ್ತಿದ್ದ, ಹೆಂಡತಿ ಮೆಟ್ಟಿಲು ಒರೆಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ, ಮೈ ಹುರಿಗಟ್ಟಿತ್ತು. ಲಿಫ್ಟಿನ ಕೆಲಸ ಸಿಕ್ಕಾಗ ಅತ್ತೆ, "ನಮ್ಮ ಅಳಿಯಂಗೆ ಇನ್ನು ಮೈ ಬಗ್ಗಿಸೋ ಕಷ್ಟ ಇಲ್ಲ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಕಷ್ಟ ನಿಜಕ್ಕೂ ತಪ್ಪಿತು. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದರಾಯಿತು. ಮಾತುಗಾರನಾದ್ದರಿಂದ ಒಂದೊಂದು ಅಂತಸ್ತಿನವರೂ ಕರೆದು ಟೀ, ಕೇಕಿನ ಚೂರು ಕೊಡುತ್ತಿದ್ದರು. ನಡುನಡುವೆ ಹಿಂಬಾಗಿಲಲ್ಲಿ ಸಿಗರೇಟು. ಅವನ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಯುವುದು ಹೆಂಡತಿಗೆ ರಜೆಯ ದಿನದ ಕೆಲಸವಾಯಿತು.

"ನಮ್ಮಿಬ್ರ ಊಟಾನೂ ನಿಮ್ಮೊಬ್ರ ಹೊಟ್ಟೆಗೇ ಹೋಗ್ತಿದ್ಯಾ ಹೇಗೆ?" ಎಂದರೆ, "ಮನೆ ಯಜಮಾನ ಅಂದ್ಮೇಲೆ ಒಂದಿಷ್ಟು ತೂಕ ಬೇಡ್ವೇನೇ?" ಎಂದು ನಗುತ್ತಿದ್ದ.

ಮೇಲಂತಸ್ತಿನ ಡಾಕ್ಟರಮ್ಮ ಅವನ ಏದುಸಿರು ಗಮನಿಸಿ ಪರೀಕ್ಷೆ ಮಾಡಿಸಿದರು. "ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ರಕ್ತದ ಕೊಬ್ಬು, ಎಲ್ಲಾ ಒಟ್ಟೊಟ್ಟಿಗೆ ಏರಿವೆ. ಮಾತ್ರೆ ಕೊಡ್ತೀನಿ. ಆದ್ರೆ ಸಿಗರೇಟು ಬಿಡ್ಬೇಕು, ಬಾಯಿ ಕಟ್ಬೇಕು, ಮೈ ಬೆವರೋ ಹಾಗೆ ನಡೀಬೇಕು. ಹೀಗೇ ಕೂತ್ರೆ ಬಿಗಡಾಯಿಸತ್ತೆ."

ಅಂದಿನಿಂದ ಹೆಂಡತಿ ಬೆಳಿಗ್ಗೆ ಅವನನ್ನೂ ಮೆಟ್ಟಿಲಿಗೆ ಎಳೆದಳು. ಮೊದಮೊದಲು ಕಂಬಿ ಹಿಡಿದು ನಿಂತುಬಿಡುತ್ತಿದ್ದವನು ಬರುಬರುತ್ತಾ ಅವಳ ಬಕೆಟನ್ನೂ ಹೊತ್ತು ಹತ್ತಿದ. ಬಿಪಿ ಇಳಿದಿದೆ ಎಂದು ಡಾಕ್ಟರಮ್ಮ ಹೇಳಿದಾಗ ಮಗುವಿನಂತೆ ಹಿಗ್ಗಿದ. ಅಷ್ಟರಲ್ಲಿ ಜ್ವರ ಬಂದು ಮಲಗಿದ. ಎದ್ದ ಮೇಲೆ, "ನಾಳೆಯಿಂದ ನೋಡೋಣ" ಎಂದ. ಆ ನಾಳೆ ಬರಲೇ ಇಲ್ಲ. ಸಿಗರೇಟು ಮರಳಿತು, ಚೆನ್ನಾಗಿದ್ದೇನಲ್ಲ ಎಂದು ಮಾತ್ರೆಯನ್ನೂ ಬಿಟ್ಟ. ಅವಳು ಬೈದಳು, ಅತ್ತಳು, ಕೊನೆಗೆ ಬಕೆಟ್ ಹಿಡಿದು ಒಬ್ಬಳೇ ಮೆಟ್ಟಿಲು ಹತ್ತತೊಡಗಿದಳು.

ಒಂದು ಮಧ್ಯಾಹ್ನ ಅವಳು ಐದನೇ ಅಂತಸ್ತಿನಲ್ಲಿ ನೆಲ ಒರೆಸುತ್ತಿದ್ದಾಗ ಲಿಫ್ಟ್ ಬಂದು ನಿಂತಿತು. ಬಾಗಿಲು ತೆರೆಯಿತು, ಯಾರೂ ಹೊರಬರಲಿಲ್ಲ. ಇಣುಕಿದರೆ ಅವನೊಬ್ಬನೇ ಗೋಡೆಗೊರಗಿ ಕೂತಿದ್ದ.

"ಹಾಡುಹಗಲೇ ನಿದ್ದೇನಾ? ಏಳ್ರೀ!" ಎಂದು ಒದ್ದೆ ಕೈಯಿಂದ ಕೆನ್ನೆ ತಟ್ಟಿದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಈಗ ಅವಳು ಕೆಲಸದಿಂದ ಬಂದವಳೇ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಮಂಚದಿಂದ ಕಿಟಕಿಯವರೆಗೆ ನಡೆಸುತ್ತಾಳೆ. ಒಂದು ಸಂಜೆ ಅವನು ಅರ್ಧದಲ್ಲೇ ನಿಂತು ತೊದಲಿದ:

"ನಿಂಗೆ... ಸುಸ್ತಾಗಲ್ವೇನೇ?"

"ಆಗತ್ತೆ," ಎಂದಳು. "ಹೆಜ್ಜೆ ಇಡಿ."