ಎಣ್ಣೆ ಕುಡಿದ ಪಿಯಾನೊ

ಸ್ವಾತಿ ಟೀಚರ್ ಲಕ್ಷ್ಮೀಶರನ್ನು ಮೊದಲು ಕಂಡದ್ದು ಜಾವಗಲ್ಲಿನ ಕಾಂತಮ್ಮನವರ ನಡುಮನೆಯಲ್ಲಿ. ಮಕ್ಕಳಿಗೆ ಸಂಗೀತ ಕಲಿಸುವ ಸ್ವಾತಿ, ಕಾಂತಮ್ಮನವರು ಮಾರಲಿಟ್ಟಿದ್ದ ಹಳೆಯ ಪಿಯಾನೊಗೆ ತಮ್ಮ ಹತ್ತು ವರ್ಷದ ಉಳಿತಾಯವನ್ನೆಲ್ಲ ಸುರಿಯಲು ಹೊರಟಿದ್ದರು. ಅದಕ್ಕೆ ಮೊದಲು ಬಲ್ಲವರೊಬ್ಬರು ನೋಡಲಿ ಎಂದು, ಅರಸೀಕೆರೆಯಲ್ಲಿ ಹಾರ್ಮೋನಿಯಂ, ಪಿಯಾನೊ ರಿಪೇರಿ ಮಾಡುತ್ತಿದ್ದ ಲಕ್ಷ್ಮೀಶರನ್ನು ಕರೆಸಿದ್ದರು.

ಪಿಯಾನೊ ಕನ್ನಡಿಯಂತೆ ಹೊಳೆಯುತ್ತಿತ್ತು. ಲಕ್ಷ್ಮೀಶರು ಆ ಹೊಳಪಿಗೆ ಮರುಳಾಗಲಿಲ್ಲ. ಒಂದೊಂದೇ ಕೀ ಒತ್ತಿ ಕೇಳಿದರು. ಹಿಂಬದಿಯ ಹಲಗೆ ಸೀಳಿದೆಯೇ ಎಂದು ಟಾರ್ಚ್ ಹಿಡಿದು ನೋಡಿದರು. ಕೊನೆಗೆ ಮೇಲಿನ ಮುಚ್ಚಳ ತೆಗೆದು ಮೂಸಿದರು.

“ಏನಮ್ಮಾ, ಕೊಬ್ಬರಿ ಎಣ್ಣೆ ವಾಸ್ನೆ?”

“ತಂತಿ ಸುತ್ತಿರೋ ಗೂಟಕ್ಕೆ ತುಕ್ಕು ಹಿಡೀಬಾರ್ದು ಅಂತ ತಿಂಗ್ಳು ತಿಂಗ್ಳು ನಾನೇ ಬಿಡ್ತೀನಿ ಕಣ್ರೀ. ನಮ್ಮ ತೋಟದ್ದೇ, ಕಲಬೆರಕೆ ಇಲ್ಲ!” ಎಂದರು ಕಾಂತಮ್ಮ ಹೆಮ್ಮೆಯಿಂದ.

“ಅಯ್ಯೋ ತಾಯಿ, ತಲೆಗೆ ಹಾಕೋದನ್ನ ಇದಕ್ಕೂ ಹಾಕಿದ್ರಾ! ಗೂಟ ಮರದಲ್ಲಿ ಕಚ್ಕೊಂಡಿದ್ರೇನೇ ಸ್ವರ ನಿಲ್ಲೋದು. ಈ ಮರ ಎಣ್ಣೆ ಕುಡಿದುಬಿಟ್ಟಿದೆ, ಇವತ್ತು ಬಿಗಿದ್ರೆ ನಾಳೆ ಸಡ್ಲ ಆಯ್ತದೆ.”

ಮೊದಲು ನಕ್ಕವರು ಕಾಂತಮ್ಮನವರೇ. ಸ್ವಾತಿಯ ಉಳಿತಾಯ ಉಳಿಯಿತು. ಆರು ತಿಂಗಳು ಅಲೆದು, ಬೇಲೂರಿನಲ್ಲಿ ಗಟ್ಟಿಯಾದ ಪಿಯಾನೊವೊಂದನ್ನು ಹುಡುಕಿಕೊಟ್ಟವರೂ ಲಕ್ಷ್ಮೀಶರೇ. ಆ ಉಪಕಾರಕ್ಕೆ ಏನು ಕೊಡಲಿ ಎಂದು ಸ್ವಾತಿ ಕೇಳಿದಾಗ ಅವರು ತಲೆ ಕೆರೆದುಕೊಂಡರು.

“ಇಷ್ಟು ವರ್ಷ ರಿಪೇರಿ ಮಾಡಿದ್ದೇ ಬಂತು. ನುಡ್ಸೋದು ಕಲಿಸ್ಬಿಡಮ್ಮ.”

ಈಗ ಅರವತ್ತೆಂಟರ ಲಕ್ಷ್ಮೀಶರು ಪ್ರತಿ ಭಾನುವಾರ ಸ್ವಾತಿಯ ಮನೆಯಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲೇ ಕುಳಿತು, ತಪ್ಪಿದಾಗ ಆ ಮಕ್ಕಳಿಂದಲೇ ಬೈಸಿಕೊಳ್ಳುತ್ತ, ಸರಳೆವರಸೆ ನುಡಿಸುತ್ತಾರೆ.