ತಂಗಿಗೆ ಹೇಳದೆ ಇಟ್ಟುಕೊಂಡ ಮಾತು

ನನ್ನ ಮಗಳು ಮತ್ತು ತಂಗಿಯ ಮಗಳು ಇಪ್ಪತ್ತು ದಿನಗಳ ಅಂತರದಲ್ಲಿ ಹುಟ್ಟಿದವರು. ತಂಗಿಯ ಮಗಳ ನಾಮಕರಣದ ದಿನ, ಅಂಧೇರಿಯ ಅವಳ ಫ್ಲ್ಯಾಟಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾನು ಒಳಗಿನ ಕೋಣೆಗೆ ಹೋಗಿ ಬ್ಲೌಸ್ ಅಳೆಯುವ ಟೇಪಿನಿಂದ ಆ ಕೂಸಿನ ತಲೆಯ ಸುತ್ತಳತೆ ನೋಡಿದೆ. ನನ್ನ ಮಗಳದ್ದಕ್ಕಿಂತ ಎಷ್ಟೋ ದೊಡ್ಡದಿತ್ತು. ಟೇಪನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಬಂದು ಪಂಕ್ತಿಯಲ್ಲಿ ಕೂತೆ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಈ ಮಹಾನಗರದ ಫೋರ್ಟ್ ಭಾಗದ ಒಂದು ಆಫೀಸಿಗೆ ಗುಮಾಸ್ತನಾಗಿ ಬಂದು ಇಲ್ಲೇ ನಿಂತವರು. ಹಿರಿಯರು ಹೇಳಿದಂತೆ ನಾನು ಅವ್ವನ ತಮ್ಮನನ್ನು, ಅಂದರೆ ಸೋದರಮಾವನನ್ನೇ ಮದುವೆಯಾದೆ. ತಂಗಿ ತನ್ನ ಆಫೀಸಿನ ಮಂಗಳೂರು ಕಡೆಯವನನ್ನು ಮೆಚ್ಚಿ ಮದುವೆಯಾದಳು. ಆಗ ಅವ್ವನ ಕಣ್ಣೀರು ಒರೆಸಿ ಒಳ್ಳೆಯ ಮಗಳು ಎನಿಸಿಕೊಂಡವಳು ನಾನು.

ನನ್ನ ಮಗಳು ಎರಡು ದಾಟಿದ ಮೇಲೆ ನಡೆದಳು. ನಗುವುದು ಬಹಳ, ಮಾತು ಹತ್ತೋ ಹನ್ನೆರಡೋ. ತಂಗಿಯ ಮಗಳು ಐದಕ್ಕೇ ಮೂರು ಭಾಷೆಗಳಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಒಂದು ದಿನ ಅವಳು ನನ್ನ ಮೊಣಕಾಲು ಹಿಡಿದು, "ಮೌಶಿ, ಇವ್ಳು ಆನ್ಸರ್ ಯಾಕ್ ಮಾಡಲ್ಲ?" ಎಂದು ಕೇಳಿದಳು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಆ ಕ್ಷಣ ಐದು ವರ್ಷದ ಹುಡುಗಿಯನ್ನು ನಾನು ದ್ವೇಷಿಸಿದೆ.

ಮಗಳಿಗೆ ಆರು ತುಂಬಿದಾಗ ಪರೇಲ್‌ನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡಿಸಿ ಕಾರಣ ಹುಡುಕಿದರು. ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ನಿಧಾನವಾಗಿ ತಿಳಿಸಿದರು. ಗರ್ಭದಲ್ಲಿ ಮೆದುಳು ಕಟ್ಟುವ ಮೂಲಕೋಶಗಳು ಮೊದಲು ಒಂದು ಎರಡಾಗಿ, ಎರಡು ನಾಲ್ಕಾಗಿ ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳಬೇಕು, ಆಮೇಲಷ್ಟೇ ನರಕೋಶಗಳನ್ನು ಹೆರಬೇಕು. ಆ ಕೆಲಸಕ್ಕೆ ಬೇಕಾದ ಒಂದು ಜೀನ್ ನನ್ನ ಮಗಳಲ್ಲಿ ಕೆಟ್ಟಿತ್ತು. ಕೋಶಗಳು ಅವಸರ ಮಾಡಿದವು, ಬಂಡವಾಳ ಬೇಗ ಮುಗಿಯಿತು, ಮೆದುಳಿನ ಹೊರಪದರ ಚಿಕ್ಕದಾಗಿಯೇ ಉಳಿಯಿತು. ಆ ಜೀನಿನ ಕೆಟ್ಟ ಪ್ರತಿ ನನ್ನಲ್ಲೂ ಒಂದಿತ್ತು, ಗಂಡನಲ್ಲೂ ಒಂದಿತ್ತು. ಒಂದೇ ಮನೆತನದ ರಕ್ತ. ಒಂದೇ ಇದ್ದರೆ ಬಾಧೆಯಿಲ್ಲ, ಎರಡೂ ಅವಳಲ್ಲಿ ಕೂಡಿದ್ದವು. ವಾನರರಿಂದ ಮನುಷ್ಯನ ತನಕದ ದಾರಿಯಲ್ಲಿ ಇದೇ ಜೀನ್ ಸಾಕಷ್ಟು ಬದಲಾಗಿದೆ, ನಮ್ಮ ಮೆದುಳು ಇಷ್ಟು ಬೆಳೆದದ್ದರಲ್ಲಿ ಅದರದ್ದೂ ಪಾಲಿರಬಹುದು ಎಂದು ಕೆಲವರು ಭಾವಿಸುತ್ತಾರೆ ಎಂದೂ ಹೇಳಿದರು.

ಬರುವಾಗ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತು ಒಂದೊಂದೇ ತಲೆ ನೋಡಿದೆ. ಹೂವು ಮುಡಿದದ್ದು, ಸ್ಕಾರ್ಫ್ ಕಟ್ಟಿದ್ದು, ಕಿಟಕಿಗೆ ಒರಗಿ ತೂಕಡಿಸುತ್ತಿದ್ದದ್ದು. ಲಕ್ಷಾಂತರ ವರ್ಷಗಳಿಂದ ಎಲ್ಲರಿಗೂ ಪುಕ್ಕಟೆ ಸಿಕ್ಕದ್ದು ನನ್ನ ಮಗಳೊಬ್ಬಳಿಗೆ ಸಿಗಲಿಲ್ಲವಲ್ಲ ಎಂದು ಇಡೀ ಡಬ್ಬಿಯ ಮೇಲೆ ಹೊಟ್ಟೆ ಉರಿಯಿತು.

ಡಾಕ್ಟರು ಕೊನೆಗೆ ಒಂದು ಮಾತು ಹೇಳಿದ್ದರು: ನಿಮ್ಮ ತಂಗಿಯಲ್ಲೂ ಇದು ಇರಬಹುದು, ಮತ್ತೆ ಮಗು ಬೇಕಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಲಿ, ತಪ್ಪದೆ ತಿಳಿಸಿ. ನಾನು ತಿಳಿಸಲಿಲ್ಲ. ತಂಗಿಗೆ ಹೇಳಿದ್ದೇನೆ ಎಂದು ಗಂಡನಿಗೆ ಸುಳ್ಳು ಹೇಳಿದೆ. ಅರ್ಧ ವರ್ಷ ಹಾಗೇ ಕಳೆಯಿತು.

ಆಮೇಲೆ ತಂಗಿ ಫೋನ್ ಮಾಡಿ ಮೂರು ತಿಂಗಳಾಗಿದೆ ಎಂದಳು. ಅವಳ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. ಮರುದಿನವೇ ಆಟೋ ಹಿಡಿದು ಹೋಗಿ ವರದಿಯನ್ನು ಅವಳ ಮುಂದಿಟ್ಟೆ. ಅವಳು ಓದಿ, ಮೇಲಿನ ತಾರೀಖು ನೋಡಿದಳು.

"ಇಷ್ಟ್ ದಿನದಿಂದ ಗೊತ್ತಿತ್ತೇನ್ ನಿನಗ?"

ಹೌದೆಂದೆ.

"ನನಗೂ ಹಂಗ ಆಗ್ಲಿ ಅಂತ ಇತ್ತೇನ್ ಮನಸ್ನ್ಯಾಗ?"

"ಆಗ್ಲಿ ಅಂತ ಇರಲಿಲ್ಲ," ಎಂದೆ. "ಅಂಜಿಕಿ ಅಂದ್ರ ಏನು ಅಂತ ಒಂದ್ ಸಲ ನಿನಗೂ ಗೊತ್ತಾಗ್ಲಿ ಅಂತ ಇತ್ತು."

ಅವಳು ಬಾಗಿಲು ತೆರೆದು ನಿಂತಳು. ನಾನು ಚಪ್ಪಲಿ ಮೆಟ್ಟಿದೆ.

ತಂಗಿಯಲ್ಲೂ ಆ ಕೆಟ್ಟ ಪ್ರತಿ ಇತ್ತು. ಸುದ್ದಿ ತಂದವಳು ಅವ್ವ. ಕೇಳಿದೊಡನೆ ನನಗೆ ಒಂದು ಬಗೆಯ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಎರಡು ವಾರದ ಮೇಲೆ ಅವಳ ಗಂಡನ ವರದಿ ಬಂತು, ಅವನಲ್ಲಿ ಇರಲಿಲ್ಲ. ಇನ್ನು ಆ ಕೂಸಿಗೆ ಈ ಕಾಯಿಲೆಯ ಭಯವಿಲ್ಲ ಎಂದು ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನೂ ಕೈ ಮುಗಿದೆ. ಒಳಗೆ ಅದೇ ಹಳೆಯ ಉರಿ.

ತಂಗಿಗೆ ಗಂಡು ಮಗು ಹುಟ್ಟಿತು. ನಮ್ಮನ್ನು ಕರೆಯಲಿಲ್ಲ. ಐದು ತಿಂಗಳಾದ ಮೇಲೆ ಅವಳೇ ಒಂದು ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಬಂದಳು. ವರದಿಗೆ ಕಾದ ಆ ಎರಡು ವಾರ ತನಗೆ ಅನ್ನ ಸೇರಲಿಲ್ಲ, ನೀನು ಆರು ವರ್ಷ ಹೇಗೆ ಇದ್ದೆ ಎಂದು ಕೇಳಿದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ. ನನ್ನ ಮಗಳ ಜಡೆ ಬಿಚ್ಚಿ, ಹಣಿಗೆ ಕೇಳಿ, ಮತ್ತೆ ಹೆಣೆಯುತ್ತ ಕೂತಳು.

ಆ ಹುಡುಗ ಹತ್ತನೇ ತಿಂಗಳಿಗೇ ನಡೆದ. ಮೊನ್ನೆ ಅವಳು ಅದರ ವೀಡಿಯೋ ಕಳಿಸಿದಳು. ಹೊಟ್ಟೆ ಉರೀತು, ಆದ್ರೂ ಭಾಳ ಚಂದ ನಡೀತಾನ ಎಂದು ಬರೆದೆ.

"ಗೊತ್ತದ," ಎಂದು ಉತ್ತರ ಬಂತು. "ರವಿವಾರ ಮಗಳನ್ನ ಕರಕೊಂಡ್ ಬಾ."