ಬೋರಮ್ಮನ ಲೋಕಾಭಿರಾಮ ಇಂಗ್ಲಿಷ್

"ಅಮ್ಮಾವ್ರೆ, ನಂಗೆ ವಸಿ ಇಂಗ್ಲಿಷ್ ಹೇಳ್ಕೊಡಿ" ಎಂದು ಬೋರಮ್ಮ ಕೇಳಿದ ದಿನ ನಾನು ನಕ್ಕಿದ್ದೆ. ೧೯೯೯ರ ಮಾತು. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ನಾನಾಗ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಅಣ್ಣಾ ನಗರದ ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರಲ್ಲಿ ಎರಡನೆಯ ಮಹಡಿ ನಮ್ಮದು. ಬೋರಮ್ಮ ಮಳವಳ್ಳಿ ಕಡೆಯವಳು, ವಯಸ್ಸು ನಲವತ್ತು ದಾಟಿತ್ತು. ಗಂಡ ತಮ್ಮಯ್ಯ ಮಾಧವರಂ ಹಾಲಿನ ಡೈರಿಯಲ್ಲಿ ವ್ಯಾನ್ ಓಡಿಸುತ್ತಿದ್ದ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಅವಳು ಕೆಲಸ ಮಾಡುತ್ತಿದ್ದಳು.

ಮೂರನೆಯ ಮನೆ ಹೊಸದು. ನಮ್ಮ ಮೇಲಿನ ಮಹಡಿಗೆ ಕೊರಿಯಾದ ದಂಪತಿ ಬಂದಿದ್ದರು. ಗಂಡ ಕಾರು ಕಾರ್ಖಾನೆಯ ಎಂಜಿನಿಯರ್. ಬೆಳಗ್ಗೆ ಹೊರಟರೆ ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಹೆಂಡತಿ ಮೀಸುಕ್, ಮೂವತ್ತರ ಆಸುಪಾಸು. ಬೋರಮ್ಮನ ಬಾಯಲ್ಲಿ ಅವಳು ಮೊದಲ ದಿನವೇ ಮೀಸಮ್ಮ ಆಗಿಬಿಟ್ಟಿದ್ದಳು.

"ಕೆಲಸಕ್ಕೆ ಇಂಗ್ಲಿಷ್ ಯಾಕೆ ಬೋರಮ್ಮ? ಕೈಸನ್ನೆ ಸಾಲದಾ?" ಎಂದೆ.

"ಕೆಲ್ಸಕ್ಕಲ್ಲ ಕಣ್ರವ್ವಾ. ಪಾತ್ರೆ ತೋರ್ಸುದ್ರೆ ತೊಳೀತೀನಿ, ಬಟ್ಟೆ ತೋರ್ಸುದ್ರೆ ಒಗೀತೀನಿ. ಸುಮ್ಕೆ ಮಾತಾಡಾಕೆ ಬೇಕು. ಗಂಡ ಹೋದ್ಮೇಲೆ ಆಯಮ್ಮ ದಿನವೆಲ್ಲ ಬಾಯಿ ಬಿಡಾಕಿಲ್ಲ. ನಿನ್ನೆ ಕಿಟಕಿ ತಾವ ನಿಂತ್ಕಂಡು ಕಾಗೆ ಜೊತೇಲಿ ಏನೋ ಹೇಳ್ಕೋತಿತ್ತು."

ಸ್ವಲ್ಪ ತಡೆದು ತನ್ನ ಕಥೆ ಹೇಳಿದಳು. ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ತಮಿಳು ಬರುತ್ತಿರಲಿಲ್ಲ. ಎರಡು ವರ್ಷ ಅಕ್ಕಪಕ್ಕದವರೊಡನೆ ಮಾತಿಲ್ಲದೆ, ನೀರಿನ ಕೊಡದೊಡನೆ ಮಾತಾಡಿದ್ದಳಂತೆ. "ಅದು ನರಕ ಕಣ್ರವ್ವಾ" ಎಂದಳು.

ಪಾಠ ಶುರುವಾಯಿತು. ಓದುಬರಹ ಅವಳಿಗೆ ಯಾವ ಭಾಷೆಯಲ್ಲೂ ಇರಲಿಲ್ಲ. ಸಂಜೆ ಸೊಪ್ಪು ಬಿಡಿಸುತ್ತ ಅವಳು ಕೂತರೆ, ನಾನು ಹೇಳಿದ್ದನ್ನು ಅವಳು ಹೇಳಬೇಕು. ಎಂ.ಎ. ಇಂಗ್ಲಿಷ್ ಓದಿದ್ದ ನಾನು "ಲವ್ಲೀ ವೆದರ್" ಎಂದು ಆರಂಭಿಸಿದೆ. ಅರ್ಥ ಕೇಳಿದಳು, ಹೇಳಿದೆ.

"ಈ ಬಿಸ್ಲಲ್ಲಿ ಒಳ್ಳೆ ಹವಾ ಅಂದ್ರೆ ನಂಗೇನೋ ಹುಚ್ಚು ಅಂದ್ಕಳಾಕಿಲ್ವಾ?"

"ಸರಿ, ವೆರಿ ಹಾಟ್ ಟುಡೇ ಅನ್ನು" ಎಂದು ತಿದ್ದಿಕೊಂಡೆ.

ಊಟ ಆಯ್ತಾ ಎನ್ನುವುದಕ್ಕೆ ಇಂಗ್ಲಿಷ್ ಕೇಳಿದಳು. ಇಂಗ್ಲಿಷಿನವರು ಹಾಗೆಲ್ಲ ಕೇಳುವುದಿಲ್ಲ ಎಂದೆ. "ಮತ್ತೆ ಮಾತು ಎಲ್ಲಿಂದ ಸುರು ಮಾಡ್ತಾರೆ?" ಎಂದು ಬೆರಗಾದಳು. ಒಲ್ಲದ ಮನಸ್ಸಿನಿಂದ "ಈಟಿಂಗ್ ಓವರ್?" ಎಂದು ಹೇಳಿಕೊಟ್ಟೆ. ಮೀಸುಕಳ ದೇಶದಲ್ಲೂ ಎದುರಾದವರನ್ನು ಮೊದಲು ಕೇಳುವುದು ಊಟವಾಯಿತೇ ಎಂದೇ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಅವಳಿಗೆ ಉತ್ತರಗಳಲ್ಲಿ ಆಸಕ್ತಿಯಿರಲಿಲ್ಲ. "ಫೈನ್ ಅಂದ್ಬುಟ್ರೆ ಮಾತು ಸತ್ತೋಯ್ತಲ್ಲ. ಮುಂದಕ್ಕೆ ತಳ್ಳೋ ಅಂತಾವು ಕೊಡಿ" ಎಂದು ಪ್ರಶ್ನೆಗಳನ್ನೇ ಕೇಳಿ ಪಡೆಯುತ್ತಿದ್ದಳು. ಏನು ಅಡಿಗೆ? ರಾತ್ರಿ ನಿದ್ದೆ ಬಂತಾ? ಅಮ್ಮ ಚೆನ್ನಾಗಿದ್ದಾರಾ? ಬಸ್ಸಿನಲ್ಲಿ ಅವನ್ನೆಲ್ಲ ಗೊಣಗಿಕೊಂಡು ಬರುತ್ತಿದ್ದಳಂತೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರಂತೆ.

ಮೊದಲ ಪ್ರಯೋಗ ಕೈಕೊಟ್ಟಿತು. ಗುಡ್ ಮಾರ್ನಿಂಗಿನಿಂದ ಹಿಡಿದು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳಂತೆ. ಮೀಸುಕಳಿಗೆ ತಿಳಿದದ್ದು ಹಾಟ್ ಒಂದೇ. ಓಡಿಹೋಗಿ ಐಸ್ ಹಾಕಿದ ನೀರು ತಂದು ಕುಡಿಸಿದಳು. ಮರುದಿನ ಬಾಗಿಲು ತೆರೆದಾಗ ಅವಳ ಕೈಯಲ್ಲೊಂದು ನೋಟ್‌ಪುಸ್ತಕವಿತ್ತು. ಬೆರಳಿಟ್ಟುಕೊಂಡು ಓದಿದಳು: "ಯೆಸ್. ವೆರಿ ಹಾಟ್. ಎಸ್ಟರ್ಡೇ ಆಲ್ಸೋ ಹಾಟ್." ಪಾಪ, ಅವಳಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಇವಳಿಗಾಗಿ ಇರುಳೆಲ್ಲ ಡಿಕ್ಷನರಿ ನೋಡಿದ್ದಳು.

ಹೀಗೆ ಒಂದು ವರ್ಷ ನಡೆಯಿತು. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಇಬ್ಬರ ಮಾತು ಕೇಳುತ್ತಿತ್ತು. ಹವೆ, ಊಟ, ನಿದ್ದೆ, ಅಮ್ಮ. ಮತ್ತೆ ಹವೆ. ಇಷ್ಟರಿಂದ ಏನು ಪ್ರಯೋಜನ ಎಂದು ನನಗನ್ನಿಸುತ್ತಿತ್ತು.

೨೦೦೦ದ ಮೇ ತಿಂಗಳು, ಮಧ್ಯಾಹ್ನ. ನಾನು ರಜೆಯಲ್ಲಿದ್ದೆ. ಕರೆಂಟು ಹೋಯಿತು. ಹಿಂದೆಯೇ ಒಂದು ಕಿರುಚಾಟ ಕೇಳಿಸಿತು. ಲಿಫ್ಟು ಎರಡು ಮತ್ತು ಮೂರನೆಯ ಮಹಡಿಯ ನಡುವೆ ನಿಂತಿತ್ತು. ಒಳಗೆ ಮೀಸುಕ್ ಒಬ್ಬಳೇ. ಕಾವಲುಗಾರ ಜಯರಾಮ ಮೇನ್ ಸ್ವಿಚ್ ಆಫ್ ಮಾಡಿ ಮೇಲಕ್ಕೆ ಓಡಿ, ಕೈಯಿಂದ ಲಿಫ್ಟ್ ಇಳಿಸುವ ಚಕ್ರ ತಿರುಗಿಸಲು ನೋಡಿದ. ಅದು ಅಲ್ಲಾಡಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆವು. ಬರಲು ಒಂದು ಗಂಟೆಯಾದರೂ ಬೇಕು ಎಂದ.

ನಾನು ಲಿಫ್ಟಿನ ಬಾಗಿಲ ಬಳಿ ನಿಂತು ನನ್ನ ಚೆಂದದ ಇಂಗ್ಲಿಷಿನಲ್ಲಿ ಕೂಗಿದೆ. ಹೆದರಬೇಡಿ, ಗಾಬರಿಯಾಗಬೇಡಿ, ಮೆಕ್ಯಾನಿಕ್ ಬರುತ್ತಿದ್ದಾನೆ. ಕೂಗಿದಷ್ಟೂ ಅವಳ ಕಿರುಚಾಟ ಹೆಚ್ಚಾಯಿತು. ಕೊನೆಗೆ ಉಸಿರು ಸಿಕ್ಕದೆ ಏದುವುದು ಕೇಳಿಸತೊಡಗಿತು.

ಬೋರಮ್ಮ ತನ್ನ ಕೆಲಸದ ಇನ್ನೊಂದು ಮನೆಯಿಂದ ಒದ್ದೆ ಕೈಯಲ್ಲೇ ಬಂದಳು. ಮೂರನೆಯ ಮಹಡಿಯ ಕಂಬಿ ಬಾಗಿಲಿನ ಬುಡದಲ್ಲಿ, ಲಿಫ್ಟಿನೊಳಕ್ಕೆ ಒಂದು ಗೇಣಿನಷ್ಟು ಸಂದು ಕಾಣುತ್ತಿತ್ತು. ನೆಲದ ಮೇಲೆ ಬೋರಲು ಮಲಗಿ ಆ ಸಂದಿಗೆ ಕೈ ಇಳಿಬಿಟ್ಟಳು.

"ಗುಡ್ ಮಾರ್ನಿಂಗ್ ಮೀಸಮ್ಮ" ಎಂದಳು, ದಿನಾ ಬಾಗಿಲಲ್ಲಿ ಅನ್ನುವ ಹಾಗೆ. "ಈಟಿಂಗ್ ಓವರ್?"

ಒಳಗೆ ಸದ್ದು ನಿಂತಿತು.

"ನೋ" ಎಂಬ ಸಣ್ಣ ದನಿ ಬಂತು.

"ವೆರಿ ಹಾಟ್ ಟುಡೇ."

"ಯೆಸ್... ವೆರಿ ಹಾಟ್."

"ನೈಟ್ ಸ್ಲೀಪ್ ಗುಡ್?"

ಬೋರಮ್ಮನಿಗೆ ಅವಸರವೇ ಇರಲಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತಾಳೆ, ಉತ್ತರ ಬರುವ ತನಕ ಕಾಯುತ್ತಾಳೆ. ನಡುವೆ ಮೀಸುಕಳ ದನಿ ಒಡೆದು ಅಳು ಬಂದರೆ, "ವಾಟ್ ಕುಕಿಂಗ್ ಟುಡೇ?" ಎಂದು ಇನ್ನೊಂದನ್ನು ಇಳಿಬಿಡುತ್ತಾಳೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನೇ ಕಲಿಸಿದ ಮಾತುಗಳು. ಅವು ಇಂಥ ಕೆಲಸ ಮಾಡಬಲ್ಲವು ಎಂದು ನನಗೆ ಗೊತ್ತಿರಲಿಲ್ಲ.

ಅರ್ಧ ಗಂಟೆಗೆ ಕಲಿತದ್ದೆಲ್ಲ ಮುಗಿಯಿತು. ಆಮೇಲೆ ಅವಳು ಕೇಳಿದ್ದು ನಾನು ಹೇಳಿಕೊಡದ ಪ್ರಶ್ನೆ.

"ಯುವರ್ ಮದರ್, ವಾಟ್ ವರ್ಕ್?"

"ಮದರ್... ಸೀ" ಎಂದಳು ಮೀಸುಕ್. "ಇನ್‌ಸೈಡ್ ಸೀ. ಗೋ ಡೌನ್. ಶೆಲ್ ಟೇಕ್. ಕಮ್ ಅಪ್."

ಅವಳ ತವರು ಒಂದು ದ್ವೀಪ. ಅಲ್ಲಿ ಹೆಂಗಸರು ಉಸಿರು ಕಟ್ಟಿ ಸಮುದ್ರದ ತಳಕ್ಕಿಳಿದು ಚಿಪ್ಪುಮೀನು ತರುತ್ತಾರಂತೆ. ಅವಳ ತಾಯಿ ಅರವತ್ತರಲ್ಲೂ ಇಳಿಯುತ್ತಿದ್ದಳಂತೆ. ಕೇಳಿದ ಬೋರಮ್ಮ ದಂಗಾದಳು. "ಅಯ್ಯೋ ಶಿವನೆ! ಸೀ ಇನ್‌ಸೈಡ್ ನೋ ಬ್ರೀತ್?"

"ನೋ ಬ್ರೀತ್. ಟೂ ಮಿನಿಟ್."

"ಕಮ್ ಅಪ್, ಹೌ ಬ್ರೀತ್? ಮದರ್ ಬ್ರೀತ್, ಯೂ ಶೋ."

ಬೋರಮ್ಮ ಅದನ್ನು ಉಪಾಯವೆಂದು ಕೇಳಿದ್ದಲ್ಲ, ಬರಿಯ ಕುತೂಹಲಕ್ಕೆ ಕೇಳಿದ್ದು. ಆಮೇಲೆ ನಾನೇ ವಿಚಾರಿಸಿದ್ದೇನೆ. ಆದರೆ ಆ ಕತ್ತಲ ಪೆಟ್ಟಿಗೆಯಿಂದ ಆಗ ಒಂದು ಸದ್ದು ಬಂತು. ಉದ್ದನೆಯ, ತೆಳ್ಳಗಿನ ಸಿಳ್ಳೆಯಂಥ ಉಸಿರು. ತಳದಿಂದ ಮೇಲೆದ್ದ ಹೆಂಗಸು ಎದೆಯಲ್ಲಿ ಕಟ್ಟಿದ್ದನ್ನೆಲ್ಲ ನಿಧಾನವಾಗಿ ಹೊರಗೆ ಬಿಟ್ಟ ಹಾಗೆ. ಬೋರಮ್ಮ ಮಲಗಿದ್ದಲ್ಲಿಂದಲೇ ಅದನ್ನು ಅನುಕರಿಸಿದಳು, ಬರಲಿಲ್ಲ, ಬರೀ ಗಾಳಿ ಹೋಯಿತು. ಒಳಗಿನಿಂದ ನಗು ಕೇಳಿಸಿತು. ಮತ್ತೆ ಸಿಳ್ಳೆ, ಮತ್ತೆ ಅನುಕರಣೆ. ಏದುಸಿರು ಯಾವಾಗ ನಿಂತಿತೋ ನಾವ್ಯಾರೂ ಗಮನಿಸಲಿಲ್ಲ. ಜಯರಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಮೆಕ್ಯಾನಿಕ್ ಬಂದು ಲಿಫ್ಟ್ ಇಳಿಸುವಾಗ ಒಂದೂಕಾಲು ಗಂಟೆಯಾಗಿತ್ತು. ಮೀಸುಕ್ ಹೊರಗೆ ಬಂದವಳೇ ಬೋರಮ್ಮನ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಕಂಬಿ ಒತ್ತಿ ಬೋರಮ್ಮನ ತೋಳು ಮೊಣಕೈ ತನಕ ನೀಲಿಗಟ್ಟಿತ್ತು.

ಮೀಸುಕ್ ೨೦೦೩ರಲ್ಲಿ ತನ್ನೂರಿಗೆ ಹೋದಳು. ಹೋಗುವ ಮೊದಲು, ಗಂಡನ ಪರಿಚಯದ ಆಸ್ಪತ್ರೆಯೊಂದರಲ್ಲಿ ಬೋರಮ್ಮನಿಗೆ ಕೆಲಸ ಕೊಡಿಸಿದಳು. ಹೆಸರಿಗೆ ಆಯಾ. ಆದರೆ ಬೇರೆ ದೇಶಗಳಿಂದ ಬರುವ ರೋಗಿಗಳ ಮಹಡಿಯಲ್ಲಿ, ಆಪರೇಷನ್ ಕೋಣೆಯ ಹೊರಗೆ ಕಾಯುವವರ ಪಕ್ಕದಲ್ಲಿ ಕೂರಲು ನರ್ಸುಗಳು ಅವಳನ್ನೇ ಕರೆಯುತ್ತಿದ್ದರು.

೨೦೦೬ರಲ್ಲಿ ಸಹೋದ್ಯೋಗಿಯೊಬ್ಬರನ್ನು ನೋಡಲು ಅಲ್ಲಿಗೆ ಹೋದಾಗ ಅವಳು ಕಂಡಳು. ನೀಲಿ ಸೀರೆಯ ಸಮವಸ್ತ್ರ, ತಲೆಯಲ್ಲಿ ನರೆ. ಪಕ್ಕದಲ್ಲಿ ಟಾಂಜಾನಿಯಾದ ಎತ್ತರದ ಮುದುಕರೊಬ್ಬರು. ಅವರ ಹೆಂಡತಿಗೆ ಹೃದಯದ ಆಪರೇಷನ್ ನಡೆಯುತ್ತಿತ್ತು. ಮುದುಕರು ಮನೆಯ ಆಡುಗಳ ವಿಷಯ ಹೇಳುತ್ತಿದ್ದರು. ಬೋರಮ್ಮ ಎಷ್ಟು ಮರಿ, ಯಾವ ಬಣ್ಣ, ಹಾಲು ಯಾರು ಕರೆಯುತ್ತಾರೆ ಎಂದು ಕೇಳುತ್ತಿದ್ದಳು. ಅವರು ಅಂಗೈ ನೆಲದಿಂದ ಮೇಲಕ್ಕೆತ್ತಿ ಒಂದು ಮರಿಯ ಎತ್ತರ ತೋರಿಸಿದರು. ಅಷ್ಟೊತ್ತೂ ಮುಚ್ಚಿದ ಬಾಗಿಲ ಕಡೆಗೇ ಇದ್ದ ಅವರ ಮುಖ ಈಗ ಅವಳ ಕಡೆ ತಿರುಗಿತ್ತು.

ಅವರ ಮಾತು ಕಡಿಯಬಾರದೆಂದು ನಾನು ಕಂಬದ ಪಕ್ಕದಲ್ಲಿ ನಿಂತು ನೋಡಿದೆ.